ಫರಸಿಗೆ ಹೆಸರು ಕೊಟ್ಟ ಊರು

ಎಲ್ಲರಿಗೂ ಶರಣು ಶರಣಾರ್ಥಿ. ಕಲಬುರಗಿಯಲ್ಲಿ ಓದುಗ ಗೆಳೆಯರ ಎದುರು ನಾನು ಮಾತಾಡಿದ್ದನ್ನು ಬರೆದು ಕೊಡಿ ಅಂತ ಹಲವರು ಕೇಳಿದರು. ಅವತ್ತು ಗಡಿಬಿಡಿಯಲ್ಲಿ ಬಿಟ್ಟುಹೋದ ಕೆಲವು ಸಂಗತಿಗಳನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಪುಣೆಯಲ್ಲಿ ನನ್ನ ಅಕ್ಕನ ಮಗಳು ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗೆ ಇದ್ದಳು. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಬಿರು ಬೇಸಿಗೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ, ಅಂಗಾಲು ತಣ್ಣಗಾಯಿತು. ಬಗ್ಗಿ ನೋಡಿದರೆ ನಮ್ಮ ಕಲ್ಲು! ಬೂದು ಬಣ್ಣ, ಅದರೊಳಗೆ ಸ್ವಲ್ಪ ನೀಲಿ. ಮನೆ ಒಡತಿ ಎಂಬತ್ತು ದಾಟಿದ ಅಜ್ಜಿ. ನಾನು ನೆಲ ಮುಟ್ಟುವುದನ್ನು ನೋಡಿ, "ಶಹಾಬಾದಿ ಫರಶಿ, ನಮ್ಮ ಮಾವನವರ ಕಾಲದ್ದು" ಅಂತ ಹೆಮ್ಮೆಯಿಂದ ಹೇಳಿದರು. "ಅಜ್ಜಿ, ನಾನು ಶಹಾಬಾದದವಳೇ" ಅಂದೆ. ಅವರು ನನ್ನ ಮುಖ ನೋಡಿದರು. "ಶಹಾಬಾದ ಅಂದರೆ ಊರಾ?" ಅಂತ ಕೇಳಿದರು.

ಅವರದು ತಪ್ಪಲ್ಲ. ಮಹಾರಾಷ್ಟ್ರದ ಎಷ್ಟೋ ಮನೆಗಳಲ್ಲಿ ಶಹಾಬಾದಿ ಅಂದರೆ ಕಲ್ಲಿನ ಒಂದು ಜಾತಿ, ಅಷ್ಟೇ. ಅಡುಗೆಮನೆ ಕಟ್ಟೆಗೆ, ಅಂಗಳಕ್ಕೆ, ಬಚ್ಚಲಿಗೆ ಹಾಕುವ ಕಲ್ಲು. ಆ ಹೆಸರಿನ ಹಿಂದೆ ಒಂದು ಊರಿದೆ, ಊರಿನ ಮಗ್ಗುಲಲ್ಲಿ ಒಂದು ಹೊಳೆ ಇದೆ, ಆ ಕಲ್ಲನ್ನು ಎಬ್ಬಿಸಿದ ಜನ ಇದ್ದಾರೆ ಅನ್ನುವುದು ಅವರ ತನಕ ಹೋಗಿಲ್ಲ. ನಾನು ಇವತ್ತು ಆ ಜನರ ಬಗ್ಗೆ ಮಾತಾಡಬೇಕು. ಶಹಾಬಾದದ ಕಥೆ ಹೇಳುವವರು ಸಾಮಾನ್ಯವಾಗಿ ಕಾರ್ಖಾನೆಯಿಂದ ಶುರು ಮಾಡುತ್ತಾರೆ. ಯಾವ ಕಂಪನಿ ಬಂತು, ಯಾವುದು ಹೋಯಿತು ಅಂತ. ನಾನು ಖಣಿಯಿಂದ ಶುರು ಮಾಡುತ್ತೇನೆ. ಯಾಕೆ ಅಂದರೆ ಊರು ಹುಟ್ಟಿದ್ದು ಅಲ್ಲಿಂದ.

ಮೊದಲು ಊರು ಎಲ್ಲಿದೆ ಹೇಳಿಬಿಡುತ್ತೇನೆ. ಕಲಬುರಗಿಯಿಂದ ವಾಡಿ ಕಡೆ ರೈಲು ಹತ್ತಿದರೆ ಮರತೂರು ದಾಟಿದ ಮೇಲೆ ಶಹಾಬಾದ. ಮರತೂರು ಮಿತಾಕ್ಷರ ಬರೆದ ವಿಜ್ಞಾನೇಶ್ವರನ ಊರು ಅಂತ ನಮ್ಮ ಭಾಗದಲ್ಲಿ ಹೇಳುತ್ತಾರೆ. ಹಿಂದೂ ಕೂಡುಕುಟುಂಬದ ಆಸ್ತಿ ಪಾಲಿನ ಕಾನೂನಿಗೆ ದೇಶದ ಬಹುಭಾಗದಲ್ಲಿ ಬುನಾದಿ ಆ ಗ್ರಂಥವೇ, ಆಮೇಲೆ ಬಂದ ಕಾಯ್ದೆಗಳು ಅದನ್ನು ಎಷ್ಟೋ ಬದಲಿಸಿವೆ. ಕಿಟಕಿಯಲ್ಲಿ ಕೂತವರಿಗೆ ಶಹಾಬಾದ ಬಂತು ಅಂತ ಯಾರೂ ಹೇಳಬೇಕಾಗಿಲ್ಲ. ಸಾಲಾಗಿ ನಿಲ್ಲಿಸಿದ ಕಲ್ಲಿನ ಹಲಗೆಗಳು ಕಾಣುತ್ತವೆ. ಅವುಗಳ ಹಿಂದೆ ಒಡೆದ ಕಲ್ಲಿನ ಗುಡ್ಡೆಗಳು. ಆ ಗುಡ್ಡೆಗಳ ಆಚೆ ಕಾಗಿಣಾ.

ಕಾಗಿಣಾ ಹೊಳೆಯನ್ನು ಒಮ್ಮೆ ಮೇಲಿನಿಂದ ಕೆಳಗಿನ ತನಕ ಮನಸ್ಸಿನಲ್ಲೇ ನಡೆದು ನೋಡಿ. ತೆಲಂಗಾಣದ ವಿಕಾರಾಬಾದ್ ಸೀಮೆಯಿಂದ ಬರುತ್ತದೆ. ದಾರಿಯಲ್ಲಿ ತಾಂಡೂರು. ಅಲ್ಲಿಯೂ ಕಲ್ಲು, ತಾಂಡೂರ್ ಕಲ್ಲು ಅಂತಲೇ ಮಾರುತ್ತಾರೆ. ಆಮೇಲೆ ಸೇಡಂ, ಅಲ್ಲಿ ಸಿಮೆಂಟ್. ಆಮೇಲೆ ಮಳಖೇಡ, ಅಲ್ಲಿಯೂ ಸಿಮೆಂಟ್. ಅದಕ್ಕೂ ಸಾವಿರದ ಇನ್ನೂರು ವರ್ಷ ಮೊದಲು ಅದೇ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ ಆಗಿತ್ತು. ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದ್ದು ಈ ಹೊಳೆಯ ದಂಡೆಯಲ್ಲಿ. ಅಲ್ಲಿ ಉಳಿದಿರುವ ಕೋಟೆ ಗೋಡೆಗೂ ಇದೇ ಸೀಮೆಯ ಕಲ್ಲು. ಅಲ್ಲಿಂದ ಮುಂದೆ ಬಂದರೆ ಶಹಾಬಾದ. ಆಮೇಲೆ ಹೊನಗುಂಟಾ ಹತ್ತಿರ ಭೀಮೆಯನ್ನು ಕೂಡುತ್ತದೆ. ಹೀಗೆ ನೋಡಿದರೆ ಇಡೀ ಹೊಳೆ ಸುಣ್ಣಕಲ್ಲಿನ ಬೆನ್ನು ಹಿಡಿದು ಹರಿಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೊಳೆಯೊಳಗೆ ಹೋಗಿ ನಿಂತರೆ ಗೊತ್ತಾಗುತ್ತದೆ. ಯಾರೋ ಕೂತು ಫರಸಿ ಹಾಸಿದ ಹಾಗೆ ಸಪಾಟು ಬಂಡೆ. ನಮ್ಮ ಅವ್ವ, ಚಿಕ್ಕಮ್ಮ ಎಲ್ಲರೂ ಅದರ ಮೇಲೆ ಅರಿವೆ ಒಗೆಯುತ್ತಿದ್ದರು. ಒಗೆಯುವ ಕಲ್ಲು ಹುಡುಕುವ ಕೆಲಸವೇ ಇರಲಿಲ್ಲ.

ಈ ಕಲ್ಲು ಬಂದದ್ದು ಸಮುದ್ರದಿಂದ. ಡೈನೋಸಾರ್‌ಗಳು ಹುಟ್ಟುವುದಕ್ಕೂ ಎಷ್ಟೋ ಕೋಟಿ ವರ್ಷ ಮೊದಲು ಇಲ್ಲಿ ಆಳವಿಲ್ಲದ ಸಮುದ್ರ ಇತ್ತು. ಅದರ ತಳದಲ್ಲಿ ಸುಣ್ಣದ ಕೆಸರು ತೆಳ್ಳಗೆ, ಒಂದರ ಮೇಲೆ ಒಂದು ಕೂತಿತು. ಅದೇ ಗಟ್ಟಿಯಾಗಿ ಕಲ್ಲಾಯಿತು. ಭೂವಿಜ್ಞಾನಿಗಳು ಈ ಬಂಡೆಗಳ ಗುಂಪಿಗೆ ಭೀಮಾ ಹೆಸರು ಇಟ್ಟಿದ್ದಾರೆ, ಅದರೊಳಗಿನ ಸುಣ್ಣಕಲ್ಲಿಗೆ ನಮ್ಮ ಊರಿನ ಹೆಸರು. ಆಮೇಲೆ, ಸುಮಾರು 6.6 ಕೋಟಿ ವರ್ಷದ ಹಿಂದೆ, ಲಾವಾ ಹರಿದು ಬಂದು ಈ ಕಲ್ಲನ್ನು ಮುಚ್ಚಿತು. ಆ ಕರಿಕಲ್ಲು ಸವೆದು ಆದದ್ದೇ ನಮ್ಮ ಎರಿ ಹೊಲ, ತೊಗರಿ ಬೆಳೆಯುವ ನೆಲ. ಕಲಬುರಗಿ ನಗರ ಕರಿಕಲ್ಲಿನ ಮೇಲೆ ಇದೆ. ಶಹಾಬಾದದ ಕಡೆ ಹೋದ ಹಾಗೆ ಆ ಕಪ್ಪು ಹೊದಿಕೆ ತೆಳುವಾಗಿ ಕೆಳಗಿನ ಬೂದು ಕಲ್ಲು ಮೇಲೆ ಬರುತ್ತದೆ. ಅದಕ್ಕೇ ನಮ್ಮಲ್ಲಿ ಖಣಿ ತೋಡಲು ಆಳಕ್ಕೆ ಹೋಗಬೇಕಾಗಿಲ್ಲ.

ಕೆಸರು ಪದರ ಪದರವಾಗಿ ಕೂತಿದ್ದೇ ನಮ್ಮ ಹೊಟ್ಟೆಪಾಡು. ಬೇರೆ ಕಡೆ ಕಲ್ಲನ್ನು ಸಿಡಿಮದ್ದು ಇಟ್ಟು ಸಿಡಿಸುತ್ತಾರೆ. ಇಲ್ಲಿ ಸಿಡಿಸಿದರೆ ಕಲ್ಲು ಕೆಟ್ಟಿತು. ಇದನ್ನು ಎಬ್ಬಿಸಬೇಕು. ಪುಸ್ತಕದ ಹಾಳೆ ಎತ್ತಿದ ಹಾಗೆ ಒಂದೊಂದೇ ಪದರ.

ನಮ್ಮಪ್ಪ ಖಣಿಯಲ್ಲಿ ಕೆಲಸ ಮಾಡಿದವನು. ಅವನ ಹತ್ತಿರ ಇದ್ದ ಸಾಮಾನು ಏನು? ಹಾರೆ, ಉಳಿ, ಎರಡು ತೂಕದ ಸುತ್ತಿಗೆ, ಒಂದು ಕಟ್ಟಿಗೆಯ ಮೂಲೆಮಟ್ಟ. ಅಷ್ಟೇ. ಮೇಲಿನ ಮಣ್ಣು, ಗರಸು ತೆಗೆದ ಮೇಲೆ ಮೊದಲ ಪದರ ಕಾಣುತ್ತದೆ. ಅದು ಸಾಮಾನ್ಯವಾಗಿ ಬಿಸಿಲು ಮಳೆಗೆ ಕೆಟ್ಟಿರುತ್ತದೆ. ಒಳ್ಳೆಯ ಕಲ್ಲು ಅದರ ಕೆಳಗೆ. ಗೆರೆ ಹೊಡೆದು, ಗೆರೆಯ ಉದ್ದಕ್ಕೂ ಉಳಿಯಿಂದ ಸಣ್ಣ ಸಣ್ಣ ಪೆಟ್ಟು ಹಾಕುತ್ತಾ ಹೋಗಬೇಕು. ಒಂದೇ ಜೋರು ಪೆಟ್ಟು ಹಾಕುವವನು ಹೊಸಬ. ಬಲ್ಲವನ ಪೆಟ್ಟು ಎಲ್ಲಾ ಒಂದೇ ಸಮ. ಆಮೇಲೆ ಪದರದ ಸಂದಿಗೆ ಹಾರೆ ತೂರಿಸಿ ಮೆಲ್ಲಗೆ ಮೀಟಬೇಕು. ಕಲ್ಲು ಎದ್ದೇಳುವಾಗ ಒಂದು ಸಪ್ಪಳ ಬರುತ್ತದೆ, ಉಸಿರು ಬಿಟ್ಟ ಹಾಗೆ. ಆ ಸಪ್ಪಳ ಬಂತೆಂದರೆ ಆ ಕಲ್ಲು ಇಡಿಯಾಗಿ ಬರುತ್ತದೆ.

ಎದ್ದ ಕಲ್ಲನ್ನು ಅಪ್ಪ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. ಖಣ್ ಅಂದರೆ ಗಟ್ಟಿ. ದಬ್ ಅಂದರೆ ಒಳಗೆ ಬಿರುಕು. ನನಗೆ ಆಗ ಏಳೆಂಟು ವರ್ಷ. ಮಧ್ಯಾಹ್ನ ಬುತ್ತಿ ತಗೊಂಡು ಹೋದಾಗ ನಾನೂ ಸುಮ್ನೆ ಕಲ್ಲು ಬಡಿಯುತ್ತಿದ್ದೆ. "ಬಡಿಬ್ಯಾಡ ಯವ್ವಾ, ಕೇಳು. ಅದು ತಾನೇ ಹೇಳ್ತದ" ಅನ್ನುತ್ತಿದ್ದ. ಶಾಲೆಗೆ ಒಂದು ದಿನವೂ ಹೋಗದ ಮನುಷ್ಯ. ಒಂದು ಕಲ್ಲು ಎಷ್ಟು ಚದರ ಅಡಿ ಅಂತ ಕಣ್ಣಳತೆಯಲ್ಲೇ ಹೇಳುತ್ತಿದ್ದ. ಕಲ್ಲಿನ ವ್ಯಾಪಾರದಲ್ಲಿ ಲೆಕ್ಕ ಬ್ರಾಸಿನದು, ಬ್ರಾಸ್ ಅಂದರೆ 100 ಚದರ ಅಡಿ. ಮುಕದ್ದಮ್, ಅಂದರೆ ಕೂಲಿಕಾರರ ಮೇಸ್ತ್ರಿ, ಟೇಪು ಹಿಡಿದು ಅಳೆದು ಮುಗಿಸುವ ಮೊದಲೇ ಅಪ್ಪನ ಬಾಯಲ್ಲಿ ಅಂಕಿ ಸಿದ್ಧ ಇರುತ್ತಿತ್ತು.

ನಮ್ಮವ್ವನ ಕೆಲಸ ಇದಕ್ಕಿಂತ ಕಡಿಮೆಯದಲ್ಲ. ಒಡೆದ ಚೂರು, ಮಣ್ಣು ಬುಟ್ಟಿಯಲ್ಲಿ ತುಂಬಿ ಖಣಿಯಿಂದ ಮೇಲಕ್ಕೆ ಹೊತ್ತು ಹಾಕುವುದು. ನೀವು ರೈಲಿನಿಂದ ನೋಡುವ ಆ ಗುಡ್ಡೆಗಳು ಇವೆಯಲ್ಲ, ಅವನ್ನು ಕಟ್ಟಿದ್ದು ಹೆಂಗಸರ ತಲೆ. ಆದರೆ ನಮ್ಮ ಮನೆಯ ಪಗಾರದ ಲೆಕ್ಕದಲ್ಲಿ ಅವ್ವನ ಹೆಸರು ಬೇರೆ ಇರಲಿಲ್ಲ. ಗಂಡ ಹೆಂಡತಿ ಕೂಡಿ ಒಂದು ಜೋಡಿ, ಜೋಡಿಗೆ ಇಷ್ಟು ಅಂತ. ದುಡ್ಡು ಬರುತ್ತಿದ್ದುದು ಅಪ್ಪನ ಕೈಗೆ. ಇದನ್ನು ನಾನು ಎಲ್ಲಿ ಮಾತಾಡಿದರೂ ಹೇಳುತ್ತೇನೆ, ಹೇಳದೆ ಬಿಡಲು ನನಗೆ ಮನಸ್ಸು ಬರುವುದಿಲ್ಲ.

ಒಂದು ಮಳೆಗಾಲದಲ್ಲಿ ಹಲಗೆ ಜಾರಿ ಅಪ್ಪನ ಪಾದದ ಮೇಲೆ ಬಿತ್ತು. ಎರಡು ಬೆರಳು ಹೋದವು. ಮೂರು ತಿಂಗಳು ಮನೆಯಲ್ಲಿ ಕೂತ. ಖಣಿಯ ಮಾಲೀಕರು ಒಂದು ಸಲ ಬಂದು ನೋಡಿ ಹೋದರು, ಪರಿಹಾರ ಅಂತ ಏನೂ ಕೊಡಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇಲ್ಲದ ಮೇಲೆ ಯಾರನ್ನು ಕೇಳುವುದು? ಆ ಮೂರು ತಿಂಗಳು ನಮ್ಮನ್ನು ಸಾಕಿದ್ದು ಅವ್ವನ ಬುಟ್ಟಿ, ಓಣಿಯ ಜನರ ಜೋಳ.

ಕಲ್ಲು ತುಂಬಾ ಹಿಂದಿನಿಂದಲೂ ಕೆಲಸಕ್ಕೆ ಬಂದಿದೆ. ಭೀಮೆಯ ದಂಡೆ ಹಿಡಿದು ಕೆಳಗೆ ಹೋದರೆ ಸನ್ನತಿ. ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ಮೂರ್ತಿಯ ಪೀಠಕ್ಕೆ ಬಳಸಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಹೊರಬಂತು. ಅದರ ಮೈಗೆ ಹೊದಿಸಿದ್ದು ಸುಣ್ಣಕಲ್ಲಿನ ಹಲಗೆಗಳು. ಒಂದು ಹಲಗೆಯಲ್ಲಿ ರಾಜ ರಾಣಿ ನಿಂತಿದ್ದಾರೆ, ಬ್ರಾಹ್ಮಿ ಲಿಪಿಯಲ್ಲಿ 'ರಾಯೊ ಅಸೋಕೊ' ಅಂತ ಬರೆದಿದೆ. ನಾನು ಅದನ್ನು ನೋಡಲು ಹೋದಾಗ ಎಲ್ಲರೂ ರಾಜನ ಮುಖ ನೋಡುತ್ತಿದ್ದರು. ನನ್ನ ಕಣ್ಣು ಹಲಗೆಯ ಅಂಚಿಗೆ ಹೋಯಿತು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಯಾರೋ ಆ ಕಲ್ಲನ್ನು ಒಡೆಯದ ಹಾಗೆ ಎಬ್ಬಿಸಿದ್ದಾರಲ್ಲ, ಅವರೂ ಅದನ್ನು ತಟ್ಟಿ ಕೇಳಿರಬೇಕು ಅಲ್ವಾ?

ಆದರೆ ಶಹಾಬಾದ ಕೂಲಿಕಾರರ ಊರಾಗಿ ಬೆಳೆದದ್ದು ರೈಲು ಬಂದ ಮೇಲೆ. ಮುಂಬೈ ಕಡೆಯ ಹಳಿ ಸೊಲ್ಲಾಪುರ ದಾಟಿ ನಿಜಾಮರ ಸೀಮೆಯೊಳಗೆ ಬಂದು, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಅದಕ್ಕೂ ಮುಂಚೆ ಕಲ್ಲು ಎತ್ತಿನ ಬಂಡಿ ಹೋದಷ್ಟು ದೂರ ಮಾತ್ರ ಹೋಗುತ್ತಿತ್ತು. ಈಗ ಒಂದೇ ಹಳಿ ಅದನ್ನು ಸೊಲ್ಲಾಪುರ, ಪುಣೆ, ಮುಂಬೈ ತನಕ ಒಯ್ಯುವ ಹಾಗಾಯಿತು. ಪುಣೆಯ ಅಜ್ಜಿಯ ಮಾವನ ಮನೆಗೆ ನಮ್ಮ ಕಲ್ಲು ಹೋದ ದಾರಿ ಇದೇ. ಹೆಸರು ಕೂಡ ಗೂಡ್ಸ್ ಬಂಡಿಯಲ್ಲೇ ಹೋಯಿತು ಅಂತ ನನಗೆ ಅನ್ನಿಸುತ್ತದೆ. ಮಾಲು ಹತ್ತಿದ ಸ್ಟೇಷನ್ನಿನ ಹೆಸರೇ ಮಾಲಿನ ಹೆಸರಾಯಿತು.

ಕಲ್ಲು, ಹೊಳೆ ನೀರು, ಹಳಿ. ಈ ಮೂರೂ ಒಂದೇ ಕಡೆ ಇದ್ದ ಮೇಲೆ ಸಿಮೆಂಟ್ ಕಾರ್ಖಾನೆ ಬರದೆ ಇರುತ್ತದೆಯೇ? ಸುಣ್ಣಕಲ್ಲನ್ನು ಪುಡಿ ಮಾಡಿ, ಮಣ್ಣು ಬೆರೆಸಿ, ತಿರುಗುವ ಗೂಡಿನಲ್ಲಿ ಸುಮಾರು 1450 ಡಿಗ್ರಿ ಕಾಯಿಸಿದರೆ ಕ್ಲಿಂಕರ್ ಬರುತ್ತದೆ. ಅದಕ್ಕೆ ಸ್ವಲ್ಪ ಜಿಪ್ಸಮ್ ಹಾಕಿ ಅರೆದರೆ ಸಿಮೆಂಟ್. ಶಹಾಬಾದ್ ಸಿಮೆಂಟ್ ಕಂಪನಿ ನಿಜಾಮರ ಕಾಲದಲ್ಲೇ ಶುರುವಾಗಿತ್ತು. 1936ರಲ್ಲಿ ದೇಶದ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಇದೂ ಅದರಲ್ಲಿ ಸೇರಿತು. ಸ್ವಾತಂತ್ರ್ಯ ಬಂದ ಮೇಲೆ ಬಾಯ್ಲರು ಮತ್ತು ಸಿಮೆಂಟ್ ಯಂತ್ರ ತಯಾರಿಸುವ ಎವಿಬಿ ಕಾರ್ಖಾನೆ ಬಂತು. ಅದರ ಹೆಸರು ಆಮೇಲೆ ಎಬಿಎಲ್ ಆಯಿತು, ಮುಂದೆ ಇನ್ನೂ ಬದಲಾಯಿತು. ಊರವರ ಬಾಯಲ್ಲಿ ಮಾತ್ರ ಹಳೆ ಹೆಸರುಗಳೇ ಓಡಾಡುತ್ತವೆ.

ಆ ದಿನಗಳ ಊರನ್ನು ನಿಮಗೆ ಕಾಣಿಸಬೇಕು ಅಂತ ನನಗೆ ಆಸೆ. ಊರಿಗೆ ಗಡಿಯಾರ ಬೇಕಾಗಿರಲಿಲ್ಲ, ಕಾರ್ಖಾನೆಯ ಭೋಂಗಾ ಇತ್ತು. ಮೊದಲ ಭೋಂಗಾಕ್ಕೆ ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುಂಬ. ಎರಡನೆಯದಕ್ಕೆ ಸೈಕಲ್ಲುಗಳ ಸಾಲು. ಪಾಳಿ ಬಿಟ್ಟ ಹೊತ್ತಿಗೆ ಚಾ ಅಂಗಡಿಗಳ ಮುಂದೆ ಸುಸ್ಲಾ, ಮಿರ್ಚಿ ಭಜಿ. ಕೆಲಸಕ್ಕೆ ಬಂದವರು ಎಲ್ಲೆಲ್ಲಿಯವರು! ಆಂಧ್ರದಿಂದ, ಮಹಾರಾಷ್ಟ್ರದಿಂದ, ಉತ್ತರದಿಂದ, ತಾಂಡಾಗಳಿಂದ. ಒಂದೇ ನಲ್ಲಿಯ ಮುಂದೆ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಎಲ್ಲಾ ಕೇಳಿಸುತ್ತಿತ್ತು. ಜಗಳಕ್ಕೆ ಒಂದು ಭಾಷೆ, ಸಮಾಧಾನಕ್ಕೆ ಇನ್ನೊಂದು. ನಾನು ಕಲಿತ ಮೊದಲ ಉರ್ದು ಮಾತು ಪಕ್ಕದ ಮನೆಯ ಖಾಲಾ ಹೇಳಿಕೊಟ್ಟದ್ದು. ಅವರ ಗಂಡ ಬಾಯ್ಲರ್ ವೆಲ್ಡರ್. ಹಬ್ಬಕ್ಕೆ ಅವರ ಮನೆಯ ಶೀರ್ ಖುರ್ಮಾ ನಮಗೆ, ನಮ್ಮ ಮನೆಯ ಹೋಳಿಗೆ ಅವರಿಗೆ. ಇದು ದೊಡ್ಡ ವಿಷಯ ಅಂತ ಆಗ ಯಾರಿಗೂ ಅನ್ನಿಸಿರಲಿಲ್ಲ.

ಆದರೆ ಕಾರ್ಖಾನೆಯವರಿಗೂ ಖಣಿಯವರಿಗೂ ನಡುವೆ ಒಂದು ಗೆರೆ ಇತ್ತು, ಅದನ್ನು ಮುಚ್ಚಿಡಬಾರದು. ಕಾರ್ಖಾನೆಯ ಕಾಯಂ ನೌಕರನಿಗೆ ಕ್ವಾರ್ಟರ್ಸ್, ಇಎಸ್‌ಐ ಆಸ್ಪತ್ರೆ, ಬೋನಸ್, ಪಿಎಫ್. ಖಣಿಯವನಿಗೆ ಇದ್ಯಾವುದೂ ಇಲ್ಲ, ದಿನದ ಕಲ್ಲಿಗೆ ದಿನದ ದುಡ್ಡು. ಹೆಣ್ಣು ಕೊಡುವಾಗಲೂ "ಹುಡುಗ ಒಳಗಾ, ಹೊರಗಾ?" ಅಂತ ಕೇಳುತ್ತಿದ್ದರು. ಒಳಗೆ ಅಂದರೆ ಗೇಟಿನ ಒಳಗೆ.

ಗೇಟಿನ ಒಳಗಿನವರು ಸಂಘಟನೆ ಕಲಿತರು. ಕೆಂಪು ಬಾವುಟ ಈ ಊರಿನಲ್ಲಿ ಎಷ್ಟು ಗಟ್ಟಿಯಾಗಿ ನಿಂತಿತ್ತು ಅಂದರೆ, ಕಾರ್ಮಿಕ ಮುಖಂಡರಾಗಿ ಬೆಳೆದ ಕೆ.ಬಿ. ಶಾಣಪ್ಪ 1980ರ ದಶಕದಲ್ಲಿ ಶಹಾಬಾದ ಕ್ಷೇತ್ರದಿಂದ ಸಿಪಿಐ ಶಾಸಕರಾಗಿ ಆರಿಸಿ ಬಂದರು. ಮುಂದೆ ಬೇರೆ ಪಕ್ಷಗಳಿಗೆ ಹೋಗಿ ಮಂತ್ರಿ, ರಾಜ್ಯಸಭಾ ಸದಸ್ಯ ಕೂಡ ಆದರು. 2008ರ ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಯಿತು. ಆಮೇಲೆ ಶಹಾಬಾದ ತಾಲ್ಲೂಕು ಆಯಿತು, ಅದು ಸಂತೋಷ. ಆದರೂ ಕೂಲಿಕಾರರ ಊರಿಗೆ ವಿಧಾನಸಭೆಯಲ್ಲಿ ಅದರದೇ ಹೆಸರಿನ ಒಂದು ಕುರ್ಚಿ ಇತ್ತು, ಅದು ಹೋಯಿತು ಅನ್ನುವ ಬೇಸರ ನನಗೆ ಇವತ್ತಿಗೂ ಇದೆ.

ಹಳೆಯ ಸಿಮೆಂಟ್ ಕಾರ್ಖಾನೆ ಕೈ ಬದಲಾಯಿತು, ಕೊನೆಗೆ ನಿಂತಿತು. ಭೋಂಗಾ ನಿಂತ ಮೊದಲ ವಾರ ಜನ ಹೊತ್ತು ತಿಳಿಯದೆ ಒದ್ದಾಡಿದರು. ನಮ್ಮ ಓಣಿಯ ಒಬ್ಬ ಕಾಕಾ ಎಷ್ಟೋ ತಿಂಗಳು ಪಾಳಿಯ ಹೊತ್ತಿಗೆ ಸರಿಯಾಗಿ ಡಬ್ಬಿ ಕಟ್ಟಿಸಿಕೊಂಡು ಸೈಕಲ್ ಹತ್ತಿ ಹೋಗುತ್ತಿದ್ದರು. ಗೇಟಿನ ಎದುರಿನ ಬೇವಿನ ಗಿಡದ ಕೆಳಗೆ ಕೂತು ಉಂಡು ಬರುತ್ತಿದ್ದರು. ಅವರ ಮಕ್ಕಳು ಈಗ ಹೈದರಾಬಾದಿನಲ್ಲಿ, ಮುಂಬೈಯಲ್ಲಿ, ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾರೆ. ಎಷ್ಟೋ ಮನೆಗಳಲ್ಲಿ ಈಗ ಇರುವುದು ಮುದುಕರು ಮಾತ್ರ.

ಖಣಿ ಮಾತ್ರ ನಿಲ್ಲಲಿಲ್ಲ. ಇದನ್ನೇ ನಾನು ಒತ್ತಿ ಹೇಳಬೇಕು ಅಂತ ಬಂದದ್ದು. ಕಾರ್ಖಾನೆ ಬರುವ ಮೊದಲು ಖಣಿ ಇತ್ತು, ಅದು ಮುಚ್ಚಿದ ಮೇಲೂ ಖಣಿ ಅನ್ನ ಹಾಕಿತು. ಆದರೆ ಈಗ ಅಲ್ಲಿಯೂ ಕೆಲಸ ಬೇರೆ ಆಗಿದೆ. ಕಟಿಂಗ್ ಮಷಿನ್ ಬಂದಿದೆ. ಗಾಲಿಯ ಮೇಲೆ ಓಡುತ್ತಾ ಖಣಿಯ ನೆಲವನ್ನೇ ಚೌಕ ಚೌಕವಾಗಿ ಕೊಯ್ಯುತ್ತದೆ. ಅಂಚು ನೇರ ಬರುತ್ತದೆ, ಕೆಲಸ ಬೇಗ ಆಗುತ್ತದೆ, ಬೆನ್ನು ಉಳಿಯುತ್ತದೆ. ಮಷಿನ್ ಬೇಡ ಅಂತ ನಾನು ಹೇಳುವುದಿಲ್ಲ. ಅಪ್ಪನ ಬೆನ್ನು ಐವತ್ತಕ್ಕೇ ಬಾಗಿದ್ದನ್ನು ನೋಡಿದವಳು ನಾನು. ಇನ್ನೊಂದು ಕಡೆ ಹೊಳೆಯುವ ಟೈಲ್ಸ್ ಬಂದು ನಮ್ಮ ಕಲ್ಲಿನ ಬೇಡಿಕೆ ಕುಗ್ಗಿಸಿವೆ. ಶಹಾಬಾದದಲ್ಲೇ ಹೊಸ ಮನೆ ಕಟ್ಟುವವರು ಟೈಲ್ಸ್ ಹಾಕಿಸುತ್ತಾರೆ. ಫರಸಿಯ ಮೇಲೆ ಲಿಂಬಿರಸ ಬಿದ್ದರೆ ಕಲೆ ಉಳಿಯುತ್ತದೆ ಅಂತ ದೂರು. ಸುಣ್ಣಕಲ್ಲು, ಹುಳಿ ಬಿದ್ದರೆ ಕರಗುತ್ತದೆ, ಅದು ಅದರ ಗುಣ. ಆದರೆ ಮೇ ತಿಂಗಳ ಮಧ್ಯಾಹ್ನ, ಕರೆಂಟ್ ಇಲ್ಲದ ಹೊತ್ತಿನಲ್ಲಿ, ಹಸಿ ಅರಿವೆಯಿಂದ ಒರೆಸಿದ ಫರಸಿಯ ಮೇಲೆ ಒಮ್ಮೆ ಮಲಗಿ ನೋಡಿ.

ಕಲ್ಲು ಮುಗಿದ ಖಣಿಗಳನ್ನು ಹಾಗೇ ಬಿಟ್ಟಿದ್ದಾರೆ. ಮಳೆ ನೀರು ತುಂಬಿ ಅವು ಕೆರೆಯ ಹಾಗೆ ಕಾಣುತ್ತವೆ. ತಿಳಿ ಹಸಿರು ನೀರು, ನೋಡಲು ಚೆಂದ. ಅಂಚು ಮಾತ್ರ ಗೋಡೆಯ ಹಾಗೆ ಕಡಿದು. ಒಮ್ಮೆ ಬಿದ್ದರೆ ಹಿಡಿಯಲು ಏನೂ ಸಿಗುವುದಿಲ್ಲ. ನನ್ನ ಜೊತೆ ಮೂರನೇ ತರಗತಿಯಲ್ಲಿ ಓದುತ್ತಿದ್ದ ಹುಡುಗ ಈಜಲು ಹೋಗಿ ಹೀಗೇ ಹೋದ. ಆ ಖಣಿಗಳ ಸುತ್ತ ಒಂದು ಗೋಡೆ ಕಟ್ಟಲು ಕಲ್ಲಿಗೇನೂ ಬರ ಇಲ್ಲ. ಪಕ್ಕದಲ್ಲೇ ಗುಡ್ಡೆ ಗುಡ್ಡೆ ಬಿದ್ದಿದೆ.

ಅವತ್ತು ಮಾತು ಮುಗಿಸುವ ಮುಂಚೆ ನಾನು ಎದುರಿಗೆ ಕೂತಿದ್ದ ಹುಡುಗ ಹುಡುಗಿಯರನ್ನು ಒಂದು ಕೇಳಿಕೊಂಡೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಖಣಿ ಕೆಲಸ ಮಾಡಿದ ಹಿರಿಯರು ಇದ್ದರೆ ಅವರ ಮುಂದೆ ಮೊಬೈಲ್ ಇಟ್ಟು ಮಾತಾಡಿಸಿ. ಯಾವ ಪದರಕ್ಕೆ ಏನು ಹೆಸರು, ಯಾವ ಪೆಟ್ಟಿಗೆ ಏನು ಹೆಸರು, ಹಲಗೆ ಎತ್ತುವಾಗ ಏನು ಕೂಗುತ್ತಿದ್ದರು, ಎಲ್ಲಾ ಕೇಳಿ. ಹೆಂಗಸರನ್ನು ಮೊದಲು ಕೇಳಿ. ನಾನು ಅಪ್ಪನನ್ನು ಕೇಳಲಿಲ್ಲ. ಕೇಳಬೇಕು ಅಂತ ಬುದ್ಧಿ ಬರುವ ಹೊತ್ತಿಗೆ ಅವನು ಇರಲಿಲ್ಲ.

ಚಾ ಕುಡಿಯುವ ಹೊತ್ತಿಗೆ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ನನ್ನ ಹತ್ತಿರ ಬಂದರು. ಭಂಕೂರ ಕಡೆಯ ಖಣಿಯಲ್ಲಿ ಮೂವತ್ತು ವರ್ಷ ಬುಟ್ಟಿ ಹೊತ್ತವರಂತೆ. ಮಾತು ಜಾಸ್ತಿ ಆಡಲಿಲ್ಲ. ಹೊರಗೆ ಹೋಗುವಾಗ ಸಭಾಂಗಣದ ಮೆಟ್ಟಿಲ ಹತ್ತಿರ ನಿಂತರು. ಮೊಮ್ಮಗಳನ್ನು ಹಿಡಿದುಕೊಂಡೇ ಬಗ್ಗಿದರು. ಗೆಣ್ಣಿನಿಂದ ಮೆಟ್ಟಿಲ ಕಲ್ಲನ್ನು ಎರಡು ಸಲ ತಟ್ಟಿದರು, ತಲೆ ಓರೆ ಮಾಡಿ ಕೇಳಿದರು. ಬೆರಳಿನಿಂದ ಅಂಚು ಸವರಿದರು.

"ಇದು ನಮ್ದಲ್ಲವ್ವಾ" ಅಂದರು. "ತಾಂಡೂರಿಂದು."

ಮೊಮ್ಮಗಳು ಆಗಲೇ ಮೊಬೈಲ್ ಹೊರಗೆ ತೆಗೆದಿದ್ದಳು.